ಯಂತ್ರದ ಕಣ್ಣಿಗಿಟ್ಟ ಕುಂಕುಮ

ಲಕೋಟೆಗೆ ಕಾಗದ ತುಂಬುವ ಯಂತ್ರಗಳ ಬಳಿ ದುಡಿಯುವವರಿಂದ ನಾನು ಕೇಳಿದ ಕಥೆಯಿದು. ಹೇಳಿದವರೆಲ್ಲ ಕೊನೆಯಲ್ಲಿ ದನಿ ತಗ್ಗಿಸುತ್ತಿದ್ದರು.

ಅಲ್ಲಿಗೆ ರೋಗಪರೀಕ್ಷೆಯ ವರದಿಗಳು ಎರಡೆರಡು ಹಾಳೆಗಳಾಗಿ ಬರುತ್ತಿದ್ದವು. ಮೊದಲನೆಯದರಲ್ಲಿ ಹೆಸರು, ವಿಳಾಸ. ಎರಡನೆಯದರಲ್ಲಿ ಫಲಿತಾಂಶ ಮಾತ್ರ. ಒಬ್ಬರ ಎರಡೂ ಹಾಳೆಗಳ ಅಂಚಿನಲ್ಲಿ ಒಂದೇ ಸಂಖ್ಯೆಯ ಕಪ್ಪು ಗೆರೆಗಳು ಅಚ್ಚಾಗಿರುತ್ತಿದ್ದವು; ಮುಂದಿನವರ ಹಾಳೆಗಳಲ್ಲಿ ಆ ಸಂಖ್ಯೆ ಬೇರೆ. ಯಂತ್ರದ ಗಾಜಿನ ಕಣ್ಣು ಆ ಗೆರೆಗಳನ್ನು ಓದಿ, ಹಾಳೆಗಳನ್ನು ಜೋಡಿಸಿ ಒಂದೇ ಲಕೋಟೆಗೆ ಸೇರಿಸುತ್ತಿತ್ತು.

ಆಯುಧಪೂಜೆಯಾಗಿ ವಾರ ಕಳೆದಿತ್ತು. ಮೇಲ್ವಿಚಾರಕ ಶಿವನಂಜಪ್ಪ ಎಲ್ಲರಿಗೂ ಪೇಡ ಹಂಚಿದ. ಅದೇ ಯಂತ್ರ ತುಂಬಿದ ಅವನ ವರದಿ ಹಿಂದಿನ ದಿನ ಅಂಚೆಯಲ್ಲಿ ಮನೆಗೆ ಬಂದಿತ್ತು: ಗಂಟಲಿನ ಗಡ್ಡೆ ಕ್ಯಾನ್ಸರ್ ಅಲ್ಲ.

ಯಂತ್ರ ನೋಡಿಕೊಳ್ಳುವ ಪುಟ್ಟಗೌರಮ್ಮ ಮಾತ್ರ ಪೇಡ ತಿನ್ನದೆ ಕೈಯಲ್ಲೇ ಹಿಡಿದುಕೊಂಡು ಅವನ ಬಳಿ ಬಂದಳು.

“ಅಣ್ಣ, ಬೈಬೇಡಿ. ಮಿಷನ್ ಕಣ್ಣಿಗೆ ಕುಂಕುಮ ಮೆತ್ಕೊಂಡಿತ್ತು. ಈಗ ನೋಡಿ ಒರೆಸ್ದೆ.”

“ಯಾರಮ್ಮ ಅಲ್ಲಿಟ್ಟಿದ್ದು? ಕೆಲ್ಸ ಹೋಯ್ತದೆ, ಗೊತ್ತಾ?”

“ಪೂಜೆ ದಿನ ನೀವೇ ಇಟ್ರಲ್ಲಣ್ಣ. ರಿಪೋರ್ಟು ಚೆನ್ನಾಗ್ ಬರ್ಲಿ ಅಂತ ಕೈ ಮುಗಿದ್ರಲ್ಲ.”

ಶಿವನಂಜಪ್ಪ ಪೇಡದ ಡಬ್ಬಿಯನ್ನು ಕೆಳಗಿಟ್ಟ.

“ಅವತ್ತಿಂದ ಹೋಗಿರೋ ಕವರು?”

“ಒಬ್ಬರ ಹಾಳೆ ಇನ್ನೊಬ್ಬರಿಗೆ ಹೋಗಿರ್ಬೌದು. ಗೆರೆ ಎಣಿಸಿದ್ರೆ ಗೊತ್ತಾಯ್ತದೆ.”

ಅವನು ಜೇಬಿನಿಂದ ತನ್ನ ವರದಿಯನ್ನು ತೆಗೆದು, ಎರಡೂ ಹಾಳೆಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಹರಡಿದ.

ಅವನ ಹೆಸರಿದ್ದ ಹಾಳೆಯ ಅಂಚಿನಲ್ಲಿ ನಾಲ್ಕು ಗೆರೆಗಳಿದ್ದವು, ಇನ್ನೊಂದರಲ್ಲಿ ಮೂರೇ.