ಮುಷ್ಟಿಯೊಳಗಿನ ಸ್ವರ

ಪಿಯಾನೊದ ಹೊಟ್ಟೆಯಿಂದ ಕೈ ಹೊರತೆಗೆದಾಗ ಶ್ರುತಿ ಮಾಡುವವನ ಅಂಗೈಯಲ್ಲಿ ಮುರಿದ ಸುತ್ತಿಗೆಯೊಂದಿತ್ತು. ಕೀ ಒತ್ತಿದರೆ ಹೋಗಿ ತಂತಿಗೆ ಬಡಿಯಬೇಕಾದ, ತುದಿಗೆ ಉಣ್ಣೆ ಸುತ್ತಿದ ಬೆರಳುದ್ದದ ಕಡ್ಡಿ ಅದು. "ಅಮ್ಮಾ, ಇದು ಇವತ್ತು ಬಾಯಿ ಬಿಡಲ್ಲ. ಬೇರೆ ಸುತ್ತಿಗೆ ಬರೋದು ನಾಳೆಗೇ," ಎಂದ, ಮುಖ ತಪ್ಪಿಸಿ. ಸಂಗೀತ ಕಚೇರಿ ಅಂದೇ ಸಂಜೆಗಿತ್ತು.

ಅರ್ಧ ಶತಮಾನ ಜಾಝ್ ನುಡಿಸಿದ ಹಿರಿಯಾಕೆ ಆ ಕೀ ಒತ್ತಿ ನೋಡಿದರು. ಮರ ಟಕ್ಕೆಂದಿತು, ಅಷ್ಟೇ. ಡ್ರಮ್ ಮುಂದೆ ಕೂತಿದ್ದ ಮಗಳು ಸಿಡುಕಿದಳು: "ಅಮ್ಮ, ನಿನ್ನ ಹಾಡು ಬಂದು ನಿಲ್ಲೋದೇ ಆ ಸ್ವರದ ಮೇಲೆ. ಅದನ್ನ ಬಿಟ್ಟು ಬೇರೆ ಏನಾದ್ರೂ ನುಡಿಸೋಣ."

"ಸುಮ್ನಿರೇ. ಇಷ್ಟು ವರ್ಷ ನನ್ನ ಕೈ ಬಿಡದ ಸ್ವರ. ಗಂಟಲು ಕಟ್ಟಿದೆ ಅಂತ ಇವತ್ತು ನಾನು ಕೈ ಬಿಡ್ಲಾ?"

ಅವರ ಎಡಗೈ ಮಂದ್ರದ ಕೀಗಳ ಮೇಲೆ ನಡಿಗೆ ಹಿಡಿಯಿತು. ಬಲಗೈ ಸುತ್ತಿ ಬಳಸಿ ಆ ಸ್ವರದ ಹೊಸ್ತಿಲವರೆಗೂ ಬಂತು, ಒಳಗೆ ಕಾಲಿಡದೆ ನಕ್ಕು ಹಿಂದೆ ಸರಿಯಿತು. ಮತ್ತೆ ಬಂತು, ಮತ್ತೆ ಸರಿಯಿತು. ಮಗಳ ಸಿಡುಕು ಇಳಿದು ಡ್ರಮ್ಮಿನ ಸದ್ದು ಪಿಸುಮಾತಾಯಿತು. ತಾನು ಉಸಿರು ಬಿಗಿಹಿಡಿದದ್ದು, ಮುಷ್ಟಿ ಕಟ್ಟಿದ್ದು ಶ್ರುತಿ ಮಾಡುವವನಿಗೆ ಗೊತ್ತೇ ಆಗಲಿಲ್ಲ. ಕೊನೆಗೆ ಎಲ್ಲ ಸದ್ದೂ ಒಟ್ಟಿಗೆ ನಿಂತಿತು. ಒಂದೇ ಬೆರಳು ಆ ಮೂಕ ಕೀಯ ಮೇಲೆ ಮೆತ್ತಗೆ ಇಳಿಯಿತು.

ಸ್ವರ ಕೇಳಿಸಿತು. ದುಂಡಗೆ, ತುಂಬಿಕೊಂಡು, ಖಾಲಿ ಸಭಾಂಗಣದ ಕೊನೆಯ ಕುರ್ಚಿಯವರೆಗೂ ಕೇಳಿಸಿತು. ಶ್ರುತಿ ಮಾಡುವವನು ಮುಷ್ಟಿ ಬಿಡಿಸಿ ನೋಡಿಕೊಂಡ.

ಸುತ್ತಿಗೆ ಅಲ್ಲೇ ಇತ್ತು.