ಇಪ್ಪತ್ತು ವರ್ಷದ ಕೈ

ಗಾಯ ಹೊಲಿಯುವ ಈ ಪರೀಕ್ಷೆಗೆ ನಿಲ್ಲಲು ಹಿರಿಯ ನರ್ಸಿಗೆ ಎರಡು ವರ್ಷದ ಭಾನುವಾರಗಳೆಲ್ಲ ಖರ್ಚಾಗಿದ್ದವು. ಬಾಳೆಹಣ್ಣಿನ ಸಿಪ್ಪೆ ಹೊಲಿದು ಹೊಲಿದು ಕೈ ಪಳಗಿಸಿಕೊಂಡಿದ್ದಳು. "ಸಿಪ್ಪೆ ನಿನಗೆ, ಹಣ್ಣು ನನಗೆ. ಇನ್ನು ತಿನ್ನೋಕಾಗಲ್ಲ, ಬೇಗ ಪಾಸಾಗು ತಾಯಿ" ಎಂದು ಗಂಡ ಕೈ ಮುಗಿದಿದ್ದ. ಪಾಸಾದರೆ ಗಾಯಗಳಿಗೆ ಆಕೆ ಸ್ವತಂತ್ರವಾಗಿ ಹೊಲಿಗೆ ಹಾಕಬಹುದು. ಫೇಲಾದರೆ ಮತ್ತೊಂದು ವರ್ಷ ಕಾಯಬೇಕು.

ಮಂಚದ ಮೇಲೆ ಮುಂಗೈ ಸೀಳಿಕೊಂಡ ಬಡಗಿ ಮಲಗಿದ್ದ. ಅಂಕಪಟ್ಟಿ ಹಿಡಿದು ದೊಡ್ಡ ಡಾಕ್ಟರು ಪಕ್ಕದಲ್ಲೇ ನಿಂತಿದ್ದರು. ಆಕೆ ಗ್ಲೌಸ್ ಹಾಕಿ, ಗಾಯ ತೊಳೆದು, ನೋವು ತಿಳಿಯದಂತೆ ಇಂಜೆಕ್ಷನ್ ಕೊಟ್ಟು, ಸೂಜಿಯನ್ನು ಇಕ್ಕಳಕ್ಕೆ ಸಿಕ್ಕಿಸಿದಳು. ಆಮೇಲೆ, ಇಪ್ಪತ್ತು ವರ್ಷದಿಂದ ಮಾಡಿದಂತೆಯೇ, ಅದನ್ನು ಡಾಕ್ಟರ ಕೈಗೆ ಕೊಟ್ಟುಬಿಟ್ಟಳು. ಅವರೂ ಅಷ್ಟೇ ರೂಢಿಯಿಂದ ಪಟ್ಟಿ ಬದಿಗಿಟ್ಟು, ಇಕ್ಕಳ ಹಿಡಿದು ಗಾಯದ ಕಡೆ ಬಾಗಿದರು.

"ಪರೀಕ್ಷೆ ಯಾರಿಗಮ್ಮಾ, ನಿಮಗಾ ಅವರಿಗಾ?" ಎಂದ ಬಡಗಿ.

ಆಕೆಯ ಕಣ್ಣು ಡಾಕ್ಟರ ಬೆರಳುಗಳ ಮೇಲೆ ನೆಟ್ಟಿತು.

"ಸಾರ್, ಗ್ಲೌಸ್ ಇಲ್ಲದೆ ಮುಟ್ಟಿದ್ದೀರಿ. ಅದನ್ನ ಆ ಟ್ರೇಗೆ ಹಾಕಿ, ಹಿಂದೆ ಸರೀರಿ. ಹೊಸದು ನಾನು ತಗೋತೀನಿ."

ಡಾಕ್ಟರು ಇಕ್ಕಳವನ್ನು ಟ್ರೇಗೆ ಹಾಕಿ ಹಿಂದೆ ಸರಿದರು, ಆಮೇಲೆ ಜೋರಾಗಿ ನಕ್ಕರು. ಆಕೆ ನಗಲಿಲ್ಲ. ಹೊಸ ಇಕ್ಕಳ, ಹೊಸ ಸೂಜಿ ತೆಗೆದುಕೊಂಡು ಐದು ಹೊಲಿಗೆ ಹಾಕಿ ಮುಗಿಸಿದಳು. "ನನ್ನ ಗರಗಸಕ್ಕೂ ಇಷ್ಟು ನೇರ ಬರಲ್ಲ" ಎಂದು ಬಡಗಿ ತಲೆದೂಗಿದ.

ಒಂದು ಸೂಜಿ ದಂಡವಾಯಿತು. ಆಕೆ ಪಾಸಾದಳು.