ಚೆಂದದ ಕಿಟಕಿ

"ಚಿತ್ರ" ಎಂದಿತು ಟೊರ್ಬೆನ್‌ನ ಕಂಪ್ಯೂಟರ್. ಅವನು ಇನ್ನೊಂದು ಸಾಲು ಕೆಳಗಿಳಿದ. ಮತ್ತೆ "ಚಿತ್ರ" ಎಂದಿತು. ಕಣ್ಣು ಕಾಣದ ಟೊರ್ಬೆನ್ ಇಪ್ಪತ್ತು ವರ್ಷ ಬೀಜಗಣಿತದ ತಂತ್ರಾಂಶವನ್ನು ಕಿವಿಯಿಂದಲೇ ಓದಿದವನು. ಹಳೆಯ ಕಪ್ಪು ಪರದೆಯ ತುಂಬ ಬರೀ ಅಕ್ಷರಗಳಿದ್ದವು. ಯಂತ್ರ ಅವನ್ನು ಓದಿ ಹೇಳುತ್ತಿತ್ತು. ಈಗ ಪರದೆಯ ಮೇಲೆ ತೆರೆಯುವ ಹೊಸ ಕಿಟಕಿ ಸಮೀಕರಣಗಳನ್ನು ಮುದ್ದಾದ ಚಿತ್ರಗಳಾಗಿ ತೋರಿಸುತ್ತದೆ, ಯಂತ್ರಕ್ಕೆ ಓದಲು ಅಕ್ಷರವೇ ಇಲ್ಲ.

"ಯಾವ ಪುಣ್ಯಾತ್ಮರಪ್ಪ ಇದನ್ನ ಆರಿಸಿದ್ದು?" ಎಂದು ನಕ್ಕ.

ಆರಿಸಿದ ಸಹೋದ್ಯೋಗಿ ವೀಬ್ಕೆ ಪಕ್ಕದಲ್ಲೇ ನಿಂತಿದ್ದಳು. ಬರ್ಲಿನ್ನಿನ ಅವರ ಪ್ರಯೋಗಾಲಯಕ್ಕೆ ಈ ಹೊಸ ಕಿಟಕಿ ತರಿಸುವ ಅರ್ಜಿಯಲ್ಲಿ 'ಇದರಿಂದ ಯಾರಿಗಾದರೂ ತೊಂದರೆಯೇ?' ಎಂಬಲ್ಲಿ 'ಇಲ್ಲ' ಎಂದು ಬರೆದವಳೂ ಅವಳೇ. ಅವಳಿಗೆ ಈ ತಂತ್ರಾಂಶ ಕಲಿಸಿದವನು ಟೊರ್ಬೆನ್. "ಅದು... ನಾನು..." ಎಂದಳು.

ಅವನಿಗೆ ಅಷ್ಟೇ ಸಾಕಾಯಿತು.

"ಓ, ನೀನೇನಾ? ಹೋಗ್ಲಿ ಬಿಡು ವೀಬ್ಕೆ. ನೋಡೋಕಾದ್ರೂ ಚೆನ್ನಾಗಿದೆಯಾ?"